ಬಾಗಿಲ ತನಕ ಹೋಗಿ ವಾಪಸ್ ಬಂದೆ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಹಳ್ಳಿಯವನು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಎರಡನೇ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಹೋಯಿತು. ಆಮೇಲಿಂದ ರಾತ್ರಿ ಮೂರು ಗಂಟೆಯಾದರೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಏಳಲಾಗದೆ ಕ್ಲಾಸ್ ತಪ್ಪುತ್ತದೆ. ಮೆಸ್‌ಗೆ ಹೋಗಲೂ ಮನಸ್ಸಿಲ್ಲ. ಅಪ್ಪ ಫೋನ್ ಮಾಡಿದರೆ ‘ಕ್ಲಾಸಲ್ಲಿದ್ದೀನಿ’ ಎಂದು ಸುಳ್ಳು ಹೇಳುತ್ತೇನೆ. ಗೆಳೆಯ ಕೌನ್ಸೆಲಿಂಗ್‌ಗೆ ಹೋಗು ಅಂದ. ಬಾಗಿಲ ತನಕ ಹೋಗಿ ವಾಪಸ್ ಬಂದೆ. ಒಳಗೆ ಏನಂತ ಹೇಳುವುದು? ನನಗೆ ಅಂಥ ದೊಡ್ಡ ಕಷ್ಟವೇನೂ ಇಲ್ಲ. ಹೆಸರು ಬರೆದುಕೊಂಡು ವಿಭಾಗಕ್ಕೋ ಮನೆಗೋ ತಿಳಿಸಿದರೆ? ಮುಂದೆ ಕೆಲಸಕ್ಕೆ ತೊಂದರೆ ಆಗುತ್ತದಾ?
— ಹೆಸರು ಬೇಡ, ಮೈಸೂರು

ಉತ್ತರ: ನಿನ್ನನ್ನು ‘ನೀನು’ ಅಂತಲೇ ಕರೆಯುತ್ತೇನಪ್ಪ. ನಿನ್ನ ವಯಸ್ಸಿನವರ ಜೊತೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಪ್ತಸಮಾಲೋಚಕಿಯಾಗಿ ಕೂತವಳು ನಾನು. ಬೇರೆ ರೀತಿ ಮಾತಾಡಲು ಬರುವುದಿಲ್ಲ.

ಬಾಗಿಲ ತನಕ ಹೋಗಿ ತಿರುಗಿದವನು ನೀನೊಬ್ಬನೇ ಅಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ ನನ್ನ ಕೋಣೆ ಆಫೀಸಿನ ಪಕ್ಕದಲ್ಲೇ ಇತ್ತು. ಫೀಸ್ ಕಟ್ಟುವ ಸಾಲು ನನ್ನ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು. ಒಂದು ದಿನ ಅಟೆಂಡರ್ ಸಾಲಿನ ಕಡೆ ತಿರುಗಿ ‘ಕೌನ್ಸೆಲಿಂಗ್‌ಗೆ ಯಾರು ಬಂದಿರೋದು?’ ಎಂದು ಜೋರಾಗಿ ಕೂಗಿದರು. ಗೋಡೆಗೆ ಒರಗಿ ನಿಂತಿದ್ದ ಒಬ್ಬ ಹುಡುಗಿ ಬ್ಯಾಗ್ ಎತ್ತಿಕೊಂಡು ಹೊರಟೇ ಹೋದಳು. ಮತ್ತೆ ಬರಲಿಲ್ಲ. ಅವಳ ಹೆಸರೂ ನನಗೆ ಗೊತ್ತಾಗಲಿಲ್ಲ. ಆಮೇಲೆ ಕೇಳಿ ಕೇಳಿ ಲೈಬ್ರರಿ ಹಿಂದಿನ ಒಂದು ಸಣ್ಣ ಕೋಣೆ ಹಾಕಿಸಿಕೊಂಡೆ. ಪುಸ್ತಕಕ್ಕೆ ಹೋಗುವವರ ಹಾಗೆ ಮಕ್ಕಳು ಬರತೊಡಗಿದರು. ನೀನು ವಾಪಸ್ ಬಂದಿದ್ದು ಹೇಡಿತನ ಅಂತ ನಾನು ಖಂಡಿತ ಅಂದುಕೊಳ್ಳುವುದಿಲ್ಲ.

ಒಳಗೆ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಗೊತ್ತಿಲ್ಲದಿದ್ದರೆ ತಾನೇ ಭಯ? ಮೊದಲು ಒಂದು ಫಾರಂ ಕೊಡಬಹುದು. ಹೆಸರು, ವಯಸ್ಸು, ಯಾವ ಕೋರ್ಸ್, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಇಷ್ಟೇ. ಎಲ್ಲರೂ ‘ತುರ್ತು’ ಅನ್ನುವ ಆ ಸಾಲು ನೋಡಿಯೇ ಗಾಬರಿಯಾಗುತ್ತಾರೆ. ‘ಇದಕ್ಕೆ ಯಾವಾಗ ಫೋನ್ ಮಾಡ್ತೀರಿ?’ ಎಂದು ಅಲ್ಲೇ ಕೇಳು. ಸರಿಯಾಗಿ ಕಲಿತ ಸಮಾಲೋಚಕರು ಉತ್ತರ ಕೊಟ್ಟೇ ಮುಂದೆ ಹೋಗುತ್ತಾರೆ. ಆಮೇಲೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ಮಾತು. ನಿದ್ದೆ, ಊಟ, ಮನೆ, ಓದು, ಕುಡಿತವೇನಾದರೂ ಇದೆಯಾ, ಇವೆಲ್ಲ ಕೇಳುತ್ತಾರೆ. ‘ಬದುಕುವುದೇ ಬೇಡ ಅನ್ನಿಸಿದೆಯಾ?’ ಎಂದೂ ಕೇಳುತ್ತಾರೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಬೆಚ್ಚಬೇಡ, ಇದ್ದದ್ದು ಇದ್ದ ಹಾಗೆ ಹೇಳು.

ಏನು ಹೇಳಲಿ ಎಂದು ಕೇಳಿದೆಯಲ್ಲ, ನನಗೆ ಬರೆದ ಈ ಪತ್ರವನ್ನೇ ತೆಗೆದುಕೊಂಡು ಹೋಗು. ಬಾಯಿ ಬರದಿದ್ದರೆ ಕೈಗೆ ಕೊಡು. ಎಷ್ಟೋ ಮಕ್ಕಳು ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದುಕೊಂಡು ಬಂದು, ಮೊಬೈಲ್ ನನ್ನ ಕಡೆ ತಿರುಗಿಸಿ ಸುಮ್ನೆ ಕೂತಿದ್ದಾರೆ. ನಾನು ಓದಿದ್ದೇನೆ. ಮಾತು ಅಲ್ಲಿಂದ ಶುರುವಾಗಿದೆ.

‘ದೊಡ್ಡ ಕಷ್ಟವೇನೂ ಇಲ್ಲ’ ಅನ್ನುವ ನಿನ್ನ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ರಾತ್ರಿ ಮೂರರ ತನಕ ನಿದ್ದೆ ಇಲ್ಲ, ಊಟ ಬೇಡ, ಕ್ಲಾಸಿಲ್ಲ, ಅಪ್ಪನಿಗೆ ಸುಳ್ಳು. ಇದು ಎರಡು ವಾರ ದಾಟಿ ಎಳೆಯುತ್ತಿದ್ದರೆ ಯಾರಾದರೂ ನೋಡಲೇಬೇಕಾದ ವಿಷಯ. ಜ್ವರ ಹದಿನೈದು ದಿನ ಬಿಡದಿದ್ದರೆ ‘ಪಕ್ಕದ ರೂಮಿನವನಿಗೆ ಇನ್ನೂ ಜಾಸ್ತಿ ಜ್ವರ ಇದೆ’ ಎಂದು ನೀನು ಮಲಗಿರುತ್ತೀಯಾ?

ಸಮಾಲೋಚಕರು ಬಹುಶಃ ನಿದ್ದೆಯಿಂದಲೇ ಹಿಡಿಯುತ್ತಾರೆ. ಮಲಗಿದ್ದು ಎಷ್ಟೊತ್ತಿಗೆ, ಎದ್ದದ್ದು ಎಷ್ಟೊತ್ತಿಗೆ ಎಂದು ಒಂದು ವಾರ ಬರೆದಿಡಲು ಹೇಳಬಹುದು. ರಾತ್ರಿ ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳು ಅನ್ನಬಹುದು. ಕೇಳಲು ಇಷ್ಟೇನಾ ಅನ್ನಿಸುತ್ತದೆ. ಆದರೆ ಮೈಯೊಳಗಿನ ಗಡಿಯಾರ ಸರಿಹೋಗುವುದು ಏಳುವ ಹೊತ್ತಿನಿಂದ, ಬೆಳಗಿನ ಬೆಳಕಿನಿಂದ. ಎದ್ದವನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇಪ್ಪತ್ತು ನಿಮಿಷ ನಡೆದು ಬಾ. ಮನಸ್ಸು ಬಂದಮೇಲೆ ಹೋಗೋಣ ಎಂದು ಕಾಯಬೇಡ. ಈ ಸ್ಥಿತಿಯಲ್ಲಿ ಮೊದಲು ಕಾಲು ನಡೆಯಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ಒಂದೇ ಸಲಕ್ಕೆ ಬಿಡಬೇಡ. ಮೊದಲ ದಿನ ಬರೀ ನಿನ್ನ ಕಥೆ ಹೇಳುವುದರಲ್ಲೇ ಮುಗಿಯುತ್ತದೆ. ಮೂರು ನಾಲ್ಕು ಸಲ ಹೋಗಿ ನೋಡು. ಆಗಲೂ ಹೊಂದದಿದ್ದರೆ ಬೇರೆಯವರನ್ನು ಕೇಳಬಹುದು, ಅದು ತಪ್ಪಲ್ಲ. ಹತ್ತೇ ನಿಮಿಷದಲ್ಲಿ ‘ಧೈರ್ಯವಾಗಿರು, ಯೋಗ ಮಾಡು’ ಎಂದು ಕಳಿಸಿದರೆ ಅದು ಆಪ್ತಸಮಾಲೋಚನೆಯೇ ಅಲ್ಲ.

ಇನ್ನು ಗುಟ್ಟಿನ ವಿಷಯ. ನೀನು ಹೇಳಿದ್ದು ಮಾರ್ಕ್ಸ್ ಕಾರ್ಡಿನಲ್ಲೂ ಬರುವುದಿಲ್ಲ, ಟಿ.ಸಿ.ಯಲ್ಲೂ ಬರುವುದಿಲ್ಲ. ಗುಟ್ಟು ಕಾಪಾಡುವುದು ನಮ್ಮ ವೃತ್ತಿಯ ಮೊದಲ ನಿಯಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಚಿಕಿತ್ಸೆ ಪಡೆಯುವವರ ಮಾಹಿತಿಯನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದಾಗ ಮಾತ್ರ ಬೇರೆಯವರನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ನಾನು ಆ ಹುಡುಗನ ಎದುರಿಗೇ ಕೂತು ‘ಯಾರಿಗೆ ಹೇಳೋಣ, ಅಮ್ಮನಿಗಾ, ಅಣ್ಣನಿಗಾ?’ ಎಂದು ಕೇಳಿ ಫೋನ್ ಮಾಡುತ್ತಿದ್ದೆ.

ಕಾಲೇಜಿನವರ ಹತ್ತಿರ ಬೇಡವೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಟೆಲಿ ಮನಸ್ ಸಹಾಯವಾಣಿ ಅದು, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಮೂರಕ್ಕೂ ಎತ್ತುತ್ತಾರೆ. ನೀನು ಎಚ್ಚರ ಇರುವ ಹೊತ್ತೇ ಅದು, ಅಲ್ವಾ? ಸಾಯುವ ಯೋಚನೆ ಒಂದು ಸಲ ಬಂದರೂ ಬೆಳಗಾಗಲಿ ಎಂದು ಕಾಯಬೇಡ. ಆ ಹೊತ್ತಿಗೇ ಫೋನ್ ಮಾಡು, ಆ ಗೆಳೆಯನನ್ನೂ ಎಬ್ಬಿಸು. ಎದುರು ಕೂತು ಡಾಕ್ಟರಿಗೇ ತೋರಿಸಬೇಕೆಂದರೆ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ. ಊರಿಗೆ ಹೋದಾಗ ಆಗುವುದಾದರೆ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೂ ಇದೆ.

ಅಪ್ಪನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು. ಹೇಳುವುದಾದರೆ ‘ಕೌನ್ಸೆಲಿಂಗ್’ ಅನ್ನುವ ಪದದಿಂದ ಶುರು ಮಾಡಬೇಡ. ನಮ್ಮ ಊರುಗಳಲ್ಲಿ ಆ ಪದ ಬಂದದ್ದೇ ಸಿಇಟಿ ಸೀಟಿನ ಜೊತೆ. ‘ಸೀಟು ಸಿಕ್ಕಿ ಓದ್ತಾ ಇದೀಯಲ್ಲ, ಇನ್ಯಾವ ಕೌನ್ಸೆಲಿಂಗ್?’ ಎಂದು ನನ್ನೆದುರೇ ಒಬ್ಬ ತಂದೆ ಕೇಳಿದ್ದರು. ಪಾಪ, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ‘ನಿದ್ದೆ ಬರ್ತಿಲ್ಲ ಅಪ್ಪ, ತೋರಿಸ್ತಾ ಇದೀನಿ’ ಎಂದರೆ ಯಾವ ತಂದೆಗೂ ಅರ್ಥವಾಗುತ್ತದೆ.

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, 20 ವರ್ಷ. ವಾರದ ಕೊನೆಗೆ ಮನೆಗೆ ಬರುತ್ತಾಳೆ. ಬ್ಯಾಗಿನಲ್ಲಿ ಮಾತ್ರೆ ಸಿಕ್ಕಿತು. ಮೂರು ತಿಂಗಳಿಂದ ಮನೋವೈದ್ಯರ ಹತ್ತಿರ, ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದಾಳಂತೆ. ಕೌನ್ಸೆಲರ್‌ಗೆ ಫೋನ್ ಮಾಡಿದರೆ ಏನೂ ಹೇಳಲಿಲ್ಲ. ತಾಯಿಗೂ ಹೇಳಬಾರದೇ? ಮಾತ್ರೆ ನಿಲ್ಲಿಸಿಬಿಡಲೇ?
— ಒಬ್ಬ ತಾಯಿ, ಮಂಡ್ಯ

ಉತ್ತರ: ಮಾತ್ರೆ ನಿಲ್ಲಿಸಬೇಡಿ ತಾಯಿ. ಇಂಥ ಕೆಲವು ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ತಲೆ ಸುತ್ತು, ಸಂಕಟ, ನಿದ್ದೆಗೇಡು ಎಲ್ಲ ಬರುತ್ತದೆ. ಕಡಿಮೆ ಮಾಡುವುದೂ ನಿಲ್ಲಿಸುವುದೂ ಬರೆದುಕೊಟ್ಟ ಡಾಕ್ಟರ ಕೆಲಸ. ನಿಮಗೆ ಅನುಮಾನವಿದ್ದರೆ ಮಗಳ ಒಪ್ಪಿಗೆ ಪಡೆದು ಅವಳ ಜೊತೆಯಲ್ಲೇ ಹೋಗಿ ಕೇಳಿ.

ಕೌನ್ಸೆಲರ್ ನಿಮಗೆ ಏನೂ ಹೇಳದಿದ್ದದ್ದು ಸರಿಯಾಗಿಯೇ ಇದೆ. ಹದಿನೆಂಟು ದಾಟಿದ ಮಗಳು ಹೇಳಿದ್ದನ್ನು ಅವಳ ಒಪ್ಪಿಗೆ ಇಲ್ಲದೆ ಹೇಳುವ ಹಾಗಿಲ್ಲ. ನಿಮಗೆ ನೋವಾಗಿದೆ, ಅದು ನನಗೆ ತಿಳಿಯುತ್ತದೆ. ನನ್ನ ಮಗಳು ನನ್ನ ಬಿಟ್ಟು ಬೇರೆಯವರ ಹತ್ತಿರ ಹೇಳಿಕೊಂಡಳಲ್ಲ ಎಂದು ಎಷ್ಟೋ ತಾಯಂದಿರು ನನ್ನ ಕೋಣೆಯಲ್ಲಿ ಅತ್ತಿದ್ದಾರೆ. ಆದರೆ ನೋಡಿ, ನಿಮ್ಮ ಮಗಳು ಮೂರು ತಿಂಗಳು ಒಬ್ಬಳೇ ಹೋಗಿ, ಸಾಲಿನಲ್ಲಿ ಕೂತು, ತನ್ನನ್ನು ತಾನು ನೋಡಿಕೊಂಡಿದ್ದಾಳೆ.

ಈ ಶನಿವಾರ ಅವಳು ಬಂದಾಗ ಮಾತ್ರೆಯ ಮಾತು ಮೊದಲೇ ತೆಗೆಯಬೇಡಿ. ಊಟವಾಗಲಿ. ಆಮೇಲೆ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ‘ಬ್ಯಾಗ್ ನೋಡಿದ್ದು ತಪ್ಪಾಯಿತು ಕಣೇ’ ಅನ್ನಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಬರಲಾ ಎಂದು ಕೇಳಿ. ಬೇಡ ಅಂದರೆ ಆಯಿತು ಅನ್ನಿ.