ಉಣ್ಣಲು ಬಾಯಿಯೇ ಇಲ್ಲದ ಪತಂಗ

ನಿಮ್ಮ ಪತ್ರ ಓದಿ ಮನಸ್ಸು ಕಲಕಿತು. ಅಂಗೈಗಿಂತ ದೊಡ್ಡ ಪತಂಗವೊಂದು ಗೋಡೆ ಮೇಲೆ ಕೂತಿತ್ತು. ಜೇನು ಇಟ್ಟಿರಿ, ಸಕ್ಕರೆ ನೀರು ಇಟ್ಟಿರಿ, ಮುಟ್ಟಲಿಲ್ಲ. ನಾಲ್ಕನೇ ದಿನ ಸತ್ತುಹೋಯಿತು. ‘ನಾವು ಸರಿಯಾಗಿ ನೋಡಿಕೊಳ್ಳಲಿಲ್ಲ ಅಲ್ವಾ?’ ಎಂದು ಮಗಳು ಕೇಳುತ್ತಿದ್ದಾಳೆ ಎಂದು ಬರೆದಿದ್ದೀರಿ.

ಅವಳಿಗೆ ಮೊದಲು ಇದನ್ನು ಹೇಳಿ. ಅದಕ್ಕೆ ತಿನ್ನಲು ಬಾಯಿಯೇ ಇರಲಿಲ್ಲ. ನಿಮ್ಮ ಫೋಟೊದಲ್ಲಿರುವುದು ಅಟ್ಲಾಸ್ ಪತಂಗ. ಇದರ ಹೀರುನಳಿಕೆ ಕೆಲಸಕ್ಕೆ ಬರುವಷ್ಟು ಬೆಳೆಯುವುದೇ ಇಲ್ಲ. ಕಂಬಳಿಹುಳುವಾಗಿದ್ದಾಗ ಎಲೆ ಮೇದು ಕೂಡಿಟ್ಟ ಕೊಬ್ಬಿನಲ್ಲೇ ರೆಕ್ಕೆ ಬಂದ ಮೇಲಿನ ಒಂದೆರಡು ವಾರ ಕಳೆಯಬೇಕು. ಹಗಲಿಡೀ ಅಲುಗದೆ ಕೂತಿದ್ದು ಕಾಯಿಲೆಯಿಂದಲ್ಲ, ಇರುವ ಶಕ್ತಿ ಉಳಿಸಿಕೊಳ್ಳಲು.

1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಹೆಸರಿಟ್ಟ. ಈಗಿನ ವೈಜ್ಞಾನಿಕ ಹೆಸರು ಅಟ್ಟಾಕಸ್ ಅಟ್ಲಾಸ್, ಕುಟುಂಬ ಸ್ಯಾಟರ್ನಿಡೆ. ಟಸರ್ ಮತ್ತು ಎರಿ ರೇಷ್ಮೆಯ ಪತಂಗಗಳೂ ಇದೇ ಮನೆತನದವು. ಅಟ್ಲಾಸ್ ಭಾರತದಿಂದ ಚೀನಾ, ಇಂಡೋನೇಷ್ಯಾವರೆಗೂ ಇದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವ ಅಟ್ಟಾಕಸ್ ತಪ್ರೋಬಾನಿಸ್ ಎಂಬ ಹತ್ತಿರದ ನೆಂಟನನ್ನೂ ಜನ ಅಟ್ಲಾಸ್ ಎಂದೇ ಕರೆಯುತ್ತಾರೆ.

ಫೋಟೊವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 24 ಸೆಂ.ಮೀ.ವರೆಗೂ ಬರುತ್ತದೆ. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ ಬಾಗಿದೆ, ಕಣ್ಣಿನಂಥ ಚುಕ್ಕೆಯೂ ಇದೆ. ನಡುವೆ ತ್ರಿಕೋನದ ಕಿಟಕಿಗಳಿವೆ. ಅಲ್ಲಿ ಬಣ್ಣದ ಪುಡಿಯೇ ಇಲ್ಲದ್ದರಿಂದ ಹಿಂದಿನ ಗೋಡೆ ಕಾಣುತ್ತದೆ. ಇನ್ನು ಕುಡಿಮೀಸೆ, ಅಂದರೆ ತಲೆಯ ಮೇಲಿನ ಆಂಟೆನಾ. ಗಂಡಿನದಾಗಿದ್ದರೆ ಗರಿಯ ಹಾಗೆ ಅಗಲವಾಗಿರುತ್ತಿತ್ತು. ಹೆಣ್ಣು ಬಿಡುವ ವಾಸನೆಯನ್ನು ಎಷ್ಟೋ ದೂರದಿಂದ ಹಿಡಿಯುವುದು ಅದರಿಂದಲೇ. ನಿಮ್ಮದರ ಕುಡಿಮೀಸೆ ತೆಳ್ಳಗಿದೆ, ಹೊಟ್ಟೆ ದಪ್ಪಗಿದೆ. ಅದು ಹೆಣ್ಣು.

ಹಾಗಾಗಿ ಗೋಡೆಯಲ್ಲಿ ಅಂಟಿರುವ ಕೆಂಗಂದು ಕಾಳುಗಳು ಅದರ ಮೊಟ್ಟೆಗಳೇ. ಗಂಡು ಬಂದು ಕೂಡಿದ್ದರೆ ಸುಮಾರು ಎರಡು ವಾರದಲ್ಲಿ ಒಡೆಯುತ್ತವೆ. ಕೂಡದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಆದರೆ ಮರಿ ಬರುವುದಿಲ್ಲ. ಇದನ್ನು ಮಗಳಿಗೆ ಈಗಲೇ ಹೇಳಿಡಿ, ಸುಮ್ನೆ ಆಸೆ ಹುಟ್ಟಿಸುವುದು ಬೇಡ. ಮೊಟ್ಟೆಗಳನ್ನು ಉಗುರಿನಿಂದ ಕೆರೆದು ತೆಗೆಯಬೇಡಿ. ಸೀಬೆ ಅಥವಾ ದಾಲ್ಚಿನ್ನಿಯ ಎಳೆ ಕೊಂಬೆಯನ್ನು ನೀರಿನ ಬಾಟಲಿಯಲ್ಲಿಟ್ಟು, ಎಲೆಗಳು ಮೊಟ್ಟೆಗೆ ತಾಗುವ ಹಾಗೆ ಗೋಡೆಗೆ ಒರಗಿಸಿ. ಮರಿಗಳು ಮೊದಲು ತಮ್ಮ ಮೊಟ್ಟೆಯ ಸಿಪ್ಪೆಯನ್ನೇ ತಿಂದು ಆಮೇಲೆ ಎಲೆಗೆ ಬರುತ್ತವೆ. ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಕಾಂಡದ ಗುಂಟ ಇಳಿದು ನೀರಿಗೆ ಬಿದ್ದುಬಿಡುತ್ತವೆ.