ಗ್ರೀನ್ ಕರಿ ಕೇಳಿದರೆ ಹಸಿರು ಪಾಯಸ ಕೊಟ್ಟರು

ಪ್ರಶ್ನೆ: ಅಕ್ಕ, ನಮ್ಮ ಬಡಾವಣೆಯಲ್ಲಿ ಹೊಸದಾಗಿ ಒಂದು ಥಾಯ್ ರೆಸ್ಟೋರೆಂಟ್ ಶುರುವಾಗಿದೆ. ಹಾಸನಕ್ಕೂ ಬಂತಲ್ಲ ಅನ್ನೋ ಖುಷಿಯಲ್ಲಿ ನಮ್ಮ ಮದುವೆ ದಿನದಂದು ನಾನು, ನಮ್ಮೆಜಮಾನ್ರು, ಮಗಳು, ಅತ್ತೆ, ನಾಲ್ಕೂ ಜನ ಹೋದೆವು. ಗ್ರೀನ್ ಕರಿ ಅಂತ ಕೊಟ್ಟಿದ್ದು ಹಸಿರು ಬಣ್ಣದ ಪಾಯಸ. ಪ್ಯಾಡ್ ಥಾಯ್ ಅಂತ ಬಂದಿದ್ದು ಗಾಡಿ ನೂಡಲ್ಸಿಗೆ ಕೆಚಪ್ ಸುರಿದ ಹಾಗಿತ್ತು. ಟಾಮ್ ಯಮ್ ಸೂಪ್ ಕುಡಿದ ಅತ್ತೆ 'ಇದು ಹುಳಿ ಜಾಸ್ತಿಯಾದ ತಿಳಿಸಾರು ಕಣೇ' ಅಂದರು. ಅವರು ಮೊಟ್ಟೆ ಕೂಡ ಮುಟ್ಟಲ್ಲ. 'ಎಲ್ಲಾ ವೆಜ್ಜೇ ಮೇಡಂ' ಅಂತ ಸಪ್ಲೈಯರ್ ಹೇಳಿದ್ದ. ಮನೆಗೆ ಬಂದ ಮೇಲೆ ಮಗಳು ಸುಮ್ನೆ ಇರದೆ, ಥಾಯ್ ಅಡುಗೆಗೆ ಮೀನಿನ ಸಾಸ್ ಹಾಕ್ತಾರೆ ಅಂದುಬಿಟ್ಟಳು. ಅವತ್ತಿಂದ ಅತ್ತೆ ಮುಖ ಕೊಟ್ಟು ಮಾತಾಡುತ್ತಿಲ್ಲ. ಬಿಲ್ 2,140 ರೂಪಾಯಿ, ಅದರಲ್ಲಿ ಸರ್ವಿಸ್ ಚಾರ್ಜ್ ಬೇರೆ. ಥಾಯ್ ಊಟ ಅಂದ್ರೆ ಇಷ್ಟೇನಾ, ಇಲ್ಲಾ ನಮಗೆ ತಿನ್ನೋಕೆ ಬರಲಿಲ್ವಾ?
— ಹೆಸರು ಬೇಡ, ಹಾಸನ

ಉತ್ತರ: ನಿಮಗೆ ತಿನ್ನೋಕೆ ಚೆನ್ನಾಗಿಯೇ ಬರುತ್ತದೆ. ನಿಮ್ಮತ್ತೆಗಂತೂ ಇನ್ನೂ ಚೆನ್ನಾಗಿ. ಆ ಸೂಪಿನ ಬಗ್ಗೆ ಅವರು ಹೇಳಿದ್ದು ಮುಕ್ಕಾಲು ಪಾಲು ಸರಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೀನಿನ ವಿಷಯ. ಮಗಳು ಹೇಳಿದ್ದು ಸುಳ್ಳಲ್ಲ. ನಾವು ಉಪ್ಪು ಹಾಕುವ ಕಡೆ ಥಾಯ್ ಜನ ಬಹುತೇಕ 'ನಾಮ್ ಪ್ಲಾ' ಹಾಕುತ್ತಾರೆ. ಸಣ್ಣ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ ಅದು. ಇದರ ಜೊತೆಗೆ ಕರಿಗೆ ಅರೆಯುವ ಮಸಾಲೆಯಲ್ಲಿ ಸಿಗಡಿಯ ಪೇಸ್ಟ್ ಇರುವುದು ಮಾಮೂಲು. ಹಾಗಾಗಿ ಚಿಕನ್ ತೆಗೆದು ಹೂಕೋಸು ಹಾಕಿದ ಮಾತ್ರಕ್ಕೆ ಅದು ವೆಜ್ ಆಗುವುದಿಲ್ಲ. ಸಪ್ಲೈಯರ್ ಸುಳ್ಳು ಹೇಳಿದ ಅಂತಲೂ ಅಲ್ಲ, ಪಾಪ, ಅವನಿಗೆ ಗೊತ್ತೇ ಇರಲಿಕ್ಕಿಲ್ಲ. ನಾನೂ ಒಮ್ಮೆ ಬೆಂಗಳೂರಿನಲ್ಲಿ ಹೀಗೇ ಹಟ ಹಿಡಿದು ಪೇಸ್ಟಿನ ಡಬ್ಬ ತರಿಸಿದ್ದೆ. ಅಡುಗೆಯವರು ಧೈರ್ಯವಾಗಿಯೇ ತಂದರು. ತಿರುಗಿಸಿ ನೋಡಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಿಗಡಿ ಅಂತಿತ್ತು. ಅವರ ಮುಖ ನನಗಿಂತ ಜಾಸ್ತಿ ಬಾಡಿತು. ಸಿಗಡಿ ಇಲ್ಲದ ಪೇಸ್ಟೂ ಸಿಗುತ್ತದೆ, ಮೀನಿನ ಸಾಸಿನ ಬದಲು ಸೋಯಾ ಸಾಸ್ ಹಾಕಿ ಮಾಡುವವರೂ ಇದ್ದಾರೆ. ಆದ್ದರಿಂದ ಒಂದು ಸಲ ಹೋಗಿ ಡಬ್ಬ ತೋರಿಸಿ ಅಂತ ಕೇಳಿ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಅಲ್ಲ. ಹಸಿರು ಚುಕ್ಕೆ ಕಂಡರೆ ಫೋಟೋ ತೆಗೆದು ಅತ್ತೆಗೆ ತೋರಿಸಿ. ಕಂದು ತ್ರಿಕೋನ ಕಂಡರೆ... ಮುಚ್ಚಿಡಬೇಡಿ, ಆದರೆ ಹಬ್ಬದ ದಿನ ಹೇಳಬೇಡಿ.

ಇನ್ನು ಆ ಹಸಿರು ಪಾಯಸ. ನಮ್ಮಲ್ಲಿ ಒತ್ತು ಶಾವಿಗೆಗೆ ಕಾಯಿಹಾಲು ಮಾಡುವಾಗ ಎಲ್ಲಿ ಒಡೆದುಹೋಗುತ್ತೋ ಅಂತ ಕುದಿಯಲು ಬಿಡುವುದಿಲ್ಲ, ಅಲ್ವಾ? ಥಾಯ್ ಕರಿಯಲ್ಲಿ ಬೇಕಂತಲೇ ಒಡೆಸುತ್ತಾರೆ. ಮೊದಲು ಗಟ್ಟಿ ಕಾಯಿಹಾಲನ್ನು ಬಾಣಲೆಗೆ ಹಾಕಿ ಎಣ್ಣೆ ಬಿಡುವ ತನಕ ಕುದಿಸಿ, ಆ ಎಣ್ಣೆಯಲ್ಲಿ ಮಸಾಲೆಯ ಹಸಿ ವಾಸನೆ ಹೋಗುವಂತೆ ಬಾಡಿಸಿ, ಆಮೇಲೆ ತೆಳು ಹಾಲು. ಕೊನೆಗೆ ಮೇಲೆ ಹಸಿರೆಣ್ಣೆ ಅಲ್ಲಲ್ಲಿ ತೇಲುತ್ತಿರಬೇಕು. ನಿಮ್ಮ ಬಟ್ಟಲಲ್ಲಿ ಅದು ಇರಲಿಲ್ಲ ಅಂತ ಪಂದ್ಯ ಕಟ್ಟುತ್ತೇನೆ. ಒಂದು ಚಮಚ ಪೇಸ್ಟು, ಕಾಯಿಪುಡಿಯ ಹಾಲು, ಮಂದವಾಗಲಿ ಅಂತ ಕಾರ್ನ್‌ಫ್ಲೋರ್, ಇಷ್ಟೇ ಆಗಿರುತ್ತದೆ. ಅರಸೀಕೆರೆ ತೆಂಗು ಪಕ್ಕದಲ್ಲೇ ಇಟ್ಟುಕೊಂಡು ಪುಡಿ ಕದಡುತ್ತಾರೆ ನೋಡಿ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಸಿಹಿ ಯಾಕೆ ಬಂತು ಅಂದರೆ, ಅಲ್ಲಿನವರೂ ಸ್ವಲ್ಪ ತಾಳೆ ಬೆಲ್ಲ ಹಾಕುತ್ತಾರೆ, ನಾವು ಸಾರಿಗೆ ಚೂರು ಬೆಲ್ಲ ಹಾಕುವ ಹಾಗೆ. ಅಷ್ಟು ಹಸಿಮೆಣಸಿನಕಾಯಿಯ ಖಾರಕ್ಕೆ ಅದು ಬೇಕು. ಇಲ್ಲಿಯ ಹೋಟೆಲಿನವರು ಗಿರಾಕಿ ಓಡಿಹೋದಾರು ಅಂತ ಮೆಣಸಿನಕಾಯಿ ಕಡಿಮೆ ಮಾಡುತ್ತಾರೆ, ಬೆಲ್ಲ ಮಾತ್ರ ಹಾಗೇ ಬಿಡುತ್ತಾರೆ. ಹಾಸನದವರಿಗೆ ಖಾರ ಆಗಲ್ಲ ಅಂತ ಯಾರು ಹೇಳಿದರೋ! ತಮಾಷೆ ಅಂದರೆ ಥಾಯ್ ಭಾಷೆಯಲ್ಲಿ ಇದರ ಹೆಸರಿನಲ್ಲೇ 'ಸಿಹಿ' ಅನ್ನುವ ಪದ ಇದೆ. ಆದರೆ ಅದು ರುಚಿಗಲ್ಲ, ತಿಳಿಹಸಿರು ಬಣ್ಣಕ್ಕೆ ಅನ್ನುತ್ತಾರೆ.

ಪ್ಯಾಡ್ ಥಾಯ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಸಿಟ್ಟು ಬರುತ್ತದೆ. ಅದಕ್ಕೆ ಬೇಕಾದದ್ದು ಅಕ್ಕಿಯ ಚಪ್ಪಟೆ ನೂಡಲ್ಸ್, ಅದರ ಹುಳಿ ಹುಣಸೆಹಣ್ಣಿನದು. ಹುಣಸೆ ಇಲ್ಲದ ದೇಶದವರು ಕೆಚಪ್ ಹಾಕಿದರೆ ಕ್ಷಮಿಸಬಹುದು, ಹಾಸನದಲ್ಲಿ ಹಾಕಿದರೆ ಹೇಗೆ?

ಸೂಪಿಗೆ ಬಂದರೆ, ತಿಳಿಸಾರಿನಿಂದ ಅದನ್ನು ಬೇರೆ ಮಾಡುವುದು ಮೂರು ಸಾಮಾನು: ಮಜ್ಜಿಗೆ ಹುಲ್ಲು, ಶುಂಠಿ ಜಾತಿಯ ದುಂಪರಾಸ್ಮೆ ಗೆಡ್ಡೆ, ಒಂದು ಬಗೆಯ ಘಮಘಮ ನಿಂಬೆ ಎಲೆ. ಅವು ತುಂಡುತುಂಡಾಗಿ ಬಟ್ಟಲಲ್ಲೇ ಇರುತ್ತವೆ, ಕರಿಬೇವಿನ ಹಾಗೆ ಪಕ್ಕಕ್ಕಿಟ್ಟು ಕುಡಿಯಬೇಕು. ಊಟವಾದ ಮೇಲೆ ನಿಮ್ಮ ಬಟ್ಟಲ ತಳದಲ್ಲಿ ಕಡ್ಡಿ, ಎಲೆ ಏನೂ ಉಳಿದಿರಲಿಲ್ಲ ಅಂದರೆ ಅತ್ತೆ ಹೇಳಿದ್ದು ಮುಕ್ಕಾಲಲ್ಲ, ಪೂರ್ತಿ ಸರಿ.

ಸರ್ವಿಸ್ ಚಾರ್ಜ್ ನೀವು ಕೊಡಬೇಕಾಗಿರಲಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಇದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂದಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ನಗುನಗುತ್ತಲೇ ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಜಿಎಸ್‌ಟಿ ಬೇರೆ ವಿಷಯ, ಅದನ್ನು ಇದರ ಜೊತೆ ಬೆರೆಸಿ ಜಗಳಕ್ಕೆ ಹೋಗಬೇಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ತುತ್ತಿಗೇ ಸಿಹಿ ಅನ್ನಿಸಿತ್ತು ತಾನೇ, ಆಗಲೇ ಕರೆದು ಹೇಳಬೇಕಿತ್ತು. ಥಾಯ್ಲೆಂಡಿನ ನೂಡಲ್ಸ್ ಅಂಗಡಿಗಳಲ್ಲಿ ಮೇಜಿನ ಮೇಲೇ ಸಕ್ಕರೆ, ಮೆಣಸಿನಪುಡಿ, ಮೆಣಸಿನಕಾಯಿ ನೆನೆಸಿದ ವಿನೆಗರ್, ಮೀನಿನ ಸಾಸ್ ಇಟ್ಟಿರುತ್ತಾರೆ. ತಿನ್ನುವವರು ತಮ್ಮ ನಾಲಿಗೆಗೆ ಹೊಂದಿಸಿಕೊಳ್ಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ನೀವು ಪೂರ್ತಿ ತಿಂದು, ದುಡ್ಡು ಕೊಟ್ಟು, 'ಚೆನ್ನಾಗಿತ್ತಾ ಮೇಡಂ' ಅಂದಾಗ ಹೂಂ ಅಂದು ಬಂದಿರುತ್ತೀರಿ. ಅಡುಗೆಯವನಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ಮಜ್ಜಿಗೆ ಹುಲ್ಲು ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದೆ. ಯಾವ ಭಾಗ ಹಾಕಬೇಕು?
— ಓದುಗರು, ಅರಕಲಗೂಡು

ಉತ್ತರ: ಬುಡದ ಬಿಳಿ ಭಾಗ. ಹೊರಗಿನ ಒರಟು ಪದರ ಸುಲಿದು, ಕುಟ್ಟಾಣಿಯಿಂದ ಎರಡು ಏಟು ಕೊಟ್ಟು ಹಾಕಿ. ಎಲೆ ಕಷಾಯಕ್ಕಿರಲಿ.

ಪ್ರಶ್ನೆ: ಥಾಯ್ ಹೋಟೆಲಲ್ಲಿ ಚಾಪ್‌ಸ್ಟಿಕ್ ಕೊಟ್ಟರು. ಅನ್ನ ಎತ್ತೋಕಾಗದೆ ಕೈಯಲ್ಲೇ ತಿಂದೆ. ಮಗ ಮಾನ ಹೋಯ್ತು ಅಂತಾನೆ.
— ಓದುಗರು, ಚಿಕ್ಕಮಗಳೂರು

ಉತ್ತರ: ಚಾಪ್‌ಸ್ಟಿಕ್ ಕೊಟ್ಟವರದ್ದೇ ತಪ್ಪು. ಥಾಯ್ ಜನ ಅನ್ನ ತಿನ್ನುವುದು ಚಮಚದಲ್ಲಿ, ಫೋರ್ಕು ಅನ್ನವನ್ನು ಚಮಚಕ್ಕೆ ತಳ್ಳೋಕೆ. ಕಡ್ಡಿ ಹಿಡಿಯುವುದು ಹೆಚ್ಚಾಗಿ ನೂಡಲ್ಸಿಗೆ. ಅವರ ಈಶಾನ್ಯ ಭಾಗದಲ್ಲಂತೂ ಅಂಟಕ್ಕಿ ಅನ್ನವನ್ನು ಕೈಯಲ್ಲೇ ಸಣ್ಣ ಉಂಡೆ ಮಾಡಿ, ಚಟ್ನಿಯಂಥದ್ದರಲ್ಲಿ ಅದ್ದಿ ತಿನ್ನುತ್ತಾರೆ. ಮುದ್ದೆ ಮುರಿಯುವ ಕೈಗೆ ಅದೇನು ಹೊಸದಲ್ಲ ಅಂತ ಮಗನಿಗೆ ಹೇಳಿ.