ಈಸ್ಟ್ ಇಲ್ಲದೆ, ಬೇಗ ಆಗುವ ಗೋಧಿಹಿಟ್ಟಿನ ಬೀಜದ ಬ್ರೆಡ್ ಮನೆಯಲ್ಲಿ ಮಾಡಬಹುದಾ?

ಖಂಡಿತ ಮಾಡಬಹುದು. ಮೈದಾ ಬೇಡ, ಹಿಟ್ಟು ಉಬ್ಬಲಿ ಅಂತ ಕಾಯುವ ಪುರುಸೊತ್ತೂ ಇಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಐರ್ಲೆಂಡಿನವರ ಸೋಡಾ ಬ್ರೆಡ್ ಮಾಡಿ. ಅಲ್ಲಿ ಬೆಳೆಯುವ ಗೋಧಿ ಮೆದು, ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಕಡಿಮೆ, ಈಸ್ಟ್ ಬ್ರೆಡ್ಡಿಗೆ ಅಷ್ಟಾಗಿ ಒಗ್ಗುವುದಿಲ್ಲ. 19ನೇ ಶತಮಾನದಲ್ಲಿ ಅಡುಗೆ ಸೋಡಾ ಸಿಗತೊಡಗಿದ ಮೇಲೆ ಅದಕ್ಕೆ ಹುಳಿ ಮಜ್ಜಿಗೆ ಸೇರಿಸಿ ಮನೆಮನೆಯಲ್ಲೂ ಬ್ರೆಡ್ ಸುಡತೊಡಗಿದರು. ಅಂಗಡಿ ಬ್ರೆಡ್ಡಿನ ಹಾಗೆ ಹತ್ತಿಯಂತೆ ಇರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಇದು ಭಾರ, ಸ್ವಲ್ಪ ಪುಡಿಪುಡಿ. ನನಗೆ ಅದೇ ಇಷ್ಟ.

ನಾನು ಮಾಡುವ ಅಳತೆ: 350 ಗ್ರಾಂ ಗೋಧಿಹಿಟ್ಟು, 50 ಗ್ರಾಂ ಬನ್ಸಿ ರವೆ, ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, ಒಂದು ಹಿಡಿ ಬೀಜ. 300 ಗ್ರಾಂ ಹುಳಿ ಮೊಸರಿಗೆ ಸುಮಾರು 120 ಎಂಎಲ್ ನೀರು ಸೇರಿಸಿ ಕಡೆದಿಟ್ಟುಕೊಳ್ಳಿ. ರವೆ ಯಾಕೆ ಅಂದರೆ ನಮ್ಮ ಚಪಾತಿ ಹಿಟ್ಟು ತುಂಬಾ ನುಣುಪು, ಐರಿಶ್ ಹಿಟ್ಟು ತರಿತರಿ. ನಮ್ಮ ಹಿಟ್ಟು ನೀರನ್ನೂ ಜಾಸ್ತಿ ಕುಡಿಯುತ್ತದೆ. ಕಲಸಿದ್ದು ಚಪಾತಿ ಹಿಟ್ಟಿನ ಹಾಗೆ ಗಟ್ಟಿಯಾದರೆ ಇನ್ನಷ್ಟು ಮಜ್ಜಿಗೆ ಹಾಕಿ. ಚಮಚದಿಂದ ಎತ್ತಿದರೆ ದಪ್ಪಗೆ ಬೀಳುವ ಹಾಗಿರಬೇಕು.

ಇದರಲ್ಲಿ ನಾದುವ ಕೆಲಸವೇ ಇಲ್ಲ. ಮಜ್ಜಿಗೆಯ ಹುಳಿ ಸೋಡಾಗೆ ತಾಗಿದ ಕ್ಷಣದಿಂದಲೇ ಗ್ಯಾಸ್ ಹುಟ್ಟುತ್ತದೆ. ಕಲಸುತ್ತಾ ಕೂತರೆ ಅದೆಲ್ಲ ಹೊರಗೆ ಹೋಗಿ ಬ್ರೆಡ್ ಇಟ್ಟಿಗೆಯಾಗುತ್ತದೆ. ಆದ್ದರಿಂದ ಓವನ್ನನ್ನು ಮೊದಲೇ 200 ಡಿಗ್ರಿಗೆ ಕಾಯಿಸಿ, ಟಿನ್ನಿಗೆ ಎಣ್ಣೆ ಸವರಿಟ್ಟು, ಆಮೇಲೆಯೇ ಒಣಹಿಟ್ಟಿಗೆ ಮಜ್ಜಿಗೆ ಸುರಿಯಿರಿ. ಒಣಹಿಟ್ಟು ಕಾಣದ ಹಾಗೆ ತಿರುವಿದರೆ ಸಾಕು. ಮೊಸರು ಹುಳಿ ಬಂದಿಲ್ಲವಾದರೆ ಅರ್ಧ ನಿಂಬೆಹಣ್ಣು ಹಿಂಡಿ, ಇಲ್ಲದಿದ್ದರೆ ಸಾಬೂನಿನ ರುಚಿ ಬರುತ್ತದೆ.

ಬೀಜಗಳ ವಿಷಯಕ್ಕೆ ಬಂದರೆ, ಎಳ್ಳು, ಕುಂಬಳಕಾಯಿ ಬೀಜ ಹಾಗೇ ಹಾಕಿ. ಅಗಸೆ ಬೀಜವನ್ನು ಮಿಕ್ಸಿಯಲ್ಲಿ ತರಿಯಾಗಿ ಪುಡಿ ಮಾಡಿ. ಇಡಿಯಾಗಿ ಹಾಕಿದರೆ ಬಹುಪಾಲು ಅರಗದೇ ಹೋಗುತ್ತದೆ. ಪುಡಿ ಮಾಡಿದ್ದು ನೀರು ಹಿಡಿದು ಬ್ರೆಡ್ಡನ್ನು ಮೆದುವಾಗಿಯೂ ಇಡುತ್ತದೆ. ಸೂರ್ಯಕಾಂತಿ ಬೀಜ ಹಾಕಿದರೆ ಒಂದು ತಮಾಷೆ ನೋಡಬಹುದು. ಸೋಡಾ ಸ್ವಲ್ಪ ಜಾಸ್ತಿಯಾದರೂ ಬೀಜದ ಸುತ್ತ ಬ್ರೆಡ್ ಹಸಿರಾಗುತ್ತದೆ. ಬೂಸ್ಟು ಅಂದುಕೊಂಡು ಎಸೆಯಬೇಡಿ. ಆ ಬೀಜದಲ್ಲಿರುವ ಕ್ಲೋರೊಜೆನಿಕ್ ಆಮ್ಲ ಕ್ಷಾರದ ಜೊತೆ ಸೇರಿ ಬರುವ ಬಣ್ಣ ಅದು, ತಿಂದರೆ ಏನೂ ಆಗುವುದಿಲ್ಲ. ಸೋಡಾ ಚಮಚವನ್ನು ಚಾಕುವಿನಿಂದ ಸಮ ಮಾಡಿ ಅಳೆದರೆ ಈ ತಾಪತ್ರಯ ಕಡಿಮೆ.

ಕಲಸಿದ್ದನ್ನು ಟಿನ್ನಿಗೆ ಹಾಕಿ, ಮೇಲೆ ಸ್ವಲ್ಪ ನೀರು ಸವರಿ ಎಳ್ಳು ಉದುರಿಸಿ, 45ರಿಂದ 50 ನಿಮಿಷ ಬೇಯಿಸಿ. ಟಿನ್ನಿನಿಂದ ತೆಗೆದು ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಾರದಿದ್ದರೆ ಟಿನ್ ಇಲ್ಲದೆ ಇನ್ನೂ ಐದು ನಿಮಿಷ ಇಡಿ.

ಓವನ್ ಇಲ್ಲವೇ? ಐರ್ಲೆಂಡಿನ ಹಳ್ಳಿಗಳಲ್ಲೂ ಇರಲಿಲ್ಲ. ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ನೀವು ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಚೆನ್ನಾಗಿ ಕಾದ ಮೇಲೆ ಟಿನ್ ಇಟ್ಟು ಮುಚ್ಚಿ. ಸಣ್ಣ ಉರಿಯಲ್ಲಿ ಒಂದು ಗಂಟೆಯಾದರೂ ಬೇಕು. ಮೇಲ್ಭಾಗ ಕೆಂಪಾಗುವುದಿಲ್ಲ, ಹೋಳು ಮಾಡಿ ಕಾವಲಿ ಮೇಲೆ ಬಿಸಿ ಮಾಡಿದರೆ ಆ ಕೊರತೆ ಗೊತ್ತಾಗುವುದಿಲ್ಲ.

ಬಿಸಿಯಿರುವಾಗಲೇ ಕೊಯ್ಯಬೇಡಿ, ಒಳಗೆ ಅಂಟಂಟಾಗಿರುತ್ತದೆ. ಒಂದು ಗಂಟೆ ಆರಲಿ. ಈ ಬ್ರೆಡ್ ಬೇಗ ಒಣಗುತ್ತದೆ, ಹೊರಗಿಟ್ಟರೆ ಎರಡು ದಿನ ಅಷ್ಟೇ. ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ. ಬೆಣ್ಣೆ ಹಚ್ಚಿ ಮೇಲೆ ಗುರೆಳ್ಳು ಚಟ್ನಿಪುಡಿ ಉದುರಿಸಿಕೊಂಡು ತಿಂದು ನೋಡಿ, ನಮ್ಮನೆಯಲ್ಲಿ ಜಾಮಿಗಿಂತ ಅದೇ ಬೇಗ ಖಾಲಿ.